ಮರದ ಲೂರ್ ಸವೆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರವ, ಬಾಳೆ ಮೀನಿಗೆ ಲೂರ್ (ಗಾಳ ಸಿಕ್ಕಿಸಿದ ನಕಲಿ ಮೀನು) ಎಸೆಯುವವರು ಈಗ ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ, ಗದಗ-ಹಾವೇರಿ ಕಡೆಯೂ ಇದ್ದಾರೆ. ಹೆಚ್ಚಿನವರ ಡಬ್ಬಿಯಲ್ಲಿ ಪ್ಲಾಸ್ಟಿಕ್ಕಿನವೇ ಜಾಸ್ತಿ. ಆದರೂ ಒಂದೆರಡು ಮರದವು ಇದ್ದೇ ಇರುತ್ತವೆ. ಅವು ಕೆಟ್ಟರೆ ಎಸೆಯಲು ಮನಸ್ಸು ಬರುವುದಿಲ್ಲ, ಸರಿಮಾಡಿಸೋಣ ಎಂದರೆ ಅಂಗಡಿ ಇಲ್ಲ. ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳುವವರಿಗೆ ಈ ಉತ್ತರಗಳು.

ಮರದ ಲೂರ್ ಹಾಳಾಗುವುದು ಮೀನಿನ ಹಲ್ಲಿನಿಂದ ಅಲ್ವಾ?

ಹಲ್ಲು ಗಾಯ ಮಾಡುತ್ತದೆ, ಅಷ್ಟೇ. ಹಾಳು ಮಾಡುವುದು ನೀರು. ಮೇಲಿನ ಪದರ ಎಲ್ಲಿ ಸೀಳಿದೆಯೋ ಅಲ್ಲಿಂದ ನೀರು ಒಳಗೆ ಇಳಿಯುತ್ತದೆ. ಮರ ಉಬ್ಬುತ್ತದೆ. ಉಬ್ಬಿದ ಮರ ಬಣ್ಣವನ್ನು ಇನ್ನಷ್ಟು ಸೀಳುತ್ತದೆ.

ನೀರು ನುಗ್ಗುವ ಜಾಗಗಳು ಹೆಚ್ಚೇನಿಲ್ಲ. ಮೂಗು, ಬಾಲದ ತುದಿ, ಗಾಳ-ದಾರ ಸಿಕ್ಕಿಸುವ ಸ್ಕ್ರೂ ಕುಣಿಕೆಗಳ ಬುಡ, ಲಿಪ್ (ಲೂರನ್ನು ನೀರೊಳಗೆ ಇಳಿಸುವ, ಮೂಗಿನ ಕೆಳಗಿನ ಚಪ್ಪಟೆ ನಾಲಿಗೆ) ಕೂರಿಸಿದ ಸಂದು. ಮರದ ಬದಿಗಿಂತ ಅಡ್ಡ ಕೊಯ್ದ ತುದಿ ಎಷ್ಟೋ ಬೇಗ ನೀರು ಹೀರುತ್ತದೆ. ಮರ ಬದುಕಿದ್ದಾಗ ನೀರು ಮೇಲೇರುತ್ತಿದ್ದ ಕೊಳವೆಗಳು ಅಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಮುಂಡರಗಿ ಕಡೆ ತುಂಗಭದ್ರೆಯ ಕಲ್ಲಿಗೆ ಬಡಿದು ಮೂಗಿನ ಬಣ್ಣ ಹಾರಿದ ಲೂರ್ ನೋಡಲು ಚೆನ್ನಾಗಿಯೇ ಇರುತ್ತದೆ. ಬೆನ್ನಿನ ತುಂಬ ಹಲ್ಲಿನ ಗೀರು ಬಿದ್ದದ್ದಕ್ಕಿಂತ ಬೇಗ ಸಾಯುವುದು ಅದೇ. ಇನ್ನೊಂದು ಶತ್ರು ಲೂರಿನ ಸ್ವಂತ ಗಾಳ. ತೂಗಾಡುವ ಗಾಳದ ತುದಿ ಹೊಟ್ಟೆಗೆ ಕಮಾನಿನಂತೆ ಗೀಚಿ ಗೀಚಿ ಮರದ ತನಕ ಇಳಿಯುತ್ತದೆ.

ನನ್ನ ಪ್ರಕಾರ ನೀರಿನ ದಾರಿ ಮುಚ್ಚುವುದು ಮತ್ತು ತೂಕ ಕೆಡದಂತೆ ನೋಡಿಕೊಳ್ಳುವುದು, ಇವೆರಡೇ ನಿಜವಾದ ರಿಪೇರಿ. ಬಣ್ಣ ಬಹುಮಟ್ಟಿಗೆ ನಮ್ಮ ಖುಷಿಗೆ.

ಒಳಗೆ ನೀರು ಸೇರಿದೆ ಎಂದು ಗೊತ್ತಾಗುವುದು ಹೇಗೆ?

ತೂಗಿ ನೋಡಿ. ಪತ್ತಾರರು ಇಟ್ಟುಕೊಳ್ಳುವಂಥ ಸಣ್ಣ ಡಿಜಿಟಲ್ ತಕ್ಕಡಿ ಈಗ ಅಗ್ಗಕ್ಕೆ ಸಿಗುತ್ತದೆ. ಸುಮಾರು 9 ಸೆಂ.ಮೀ. ಉದ್ದದ ತೆಳ್ಳನೆಯ ಬಾಲ್ಸಾ (ಬಹಳ ಹಗುರವಾದ ಮರ) ಲೂರ್ 5 ಗ್ರಾಂ ಆಸುಪಾಸು ಇರುತ್ತದೆ. ಅಂಥದ್ದಕ್ಕೆ 1 ಗ್ರಾಂ ನೀರು ಸೇರಿದರೆ ತೂಕದ ಐದನೇ ಒಂದು ಭಾಗ ಏರಿದ ಹಾಗೆ. ಆಮೇಲೆ ಅದು ಓಲಾಡುವುದಿಲ್ಲ, ಸುಮ್ನೆ ಕಡ್ಡಿಯ ಹಾಗೆ ಎಳೆದುಕೊಂಡು ಬರುತ್ತದೆ. ಹೊಸದು ತಂದ ದಿನವೇ ತೂಕ ಬರೆದಿಟ್ಟುಕೊಂಡರೆ ಮುಂದೆ ಊಹೆ ಮಾಡಬೇಕಿಲ್ಲ.

ತಕ್ಕಡಿ ಇಲ್ಲವೇ? ಬಕೆಟ್ಟಿನಲ್ಲಿ ತೇಲಿಬಿಡಿ. ಮೊದಲು ಬೆನ್ನು ಮೇಲೆ ಕಾಣುತ್ತಿದ್ದುದು ಈಗ ಮುಳುಗಿದ್ದರೆ, ಅಥವಾ ಬಾಲ ಜೋತು ಬಿದ್ದಿದ್ದರೆ, ನೀರು ಕುಡಿದಿದೆ. ಸ್ಕ್ರೂ ಬುಡದಲ್ಲಿ ಕಂದು ಕಲೆ ಇದ್ದರಂತೂ ಪರೀಕ್ಷೆಯೇ ಬೇಡ.

ಬಿಸಿಲಿಗಿಟ್ಟು ಒಣಗಿಸಬಹುದಾ?

ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಒಳಗಿನ ನೀರು ಆವಿಯಾಗಿ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಮರ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಒಣಗಿ ಬಿರುಕು ಬಿಡುತ್ತದೆ. ಹೇರ್ ಡ್ರೈಯರ್ ಹಿಡಿಯುವುದೂ ಅದೇ ಕಥೆ.

ಗಾಳ, ಅದನ್ನು ಕುಣಿಕೆಗೆ ಸೇರಿಸುವ ರಿಂಗ್ ಬಿಚ್ಚಿ. ಒಡೆದ ಜಾಗದ ಸಡಿಲ ಬಣ್ಣ ಕೆರೆದು ಮರ ಕಾಣುವಂತೆ ಮಾಡಿ, ಆವಿ ಹೊರಬರಲು ದಾರಿ ಬೇಕು. ಆಮೇಲೆ ನೆರಳಲ್ಲಿ ಗಾಳಿಗೆ ತೂಗುಹಾಕಿ. ದಿನಾ ತೂಗಿ. ತೂಕ ಇಳಿಯುವುದು ನಿಂತು ಎರಡು ಮೂರು ದಿನ ಹಾಗೇ ಉಳಿದರೆ ಒಣಗಿದೆ ಎಂದು ಅರ್ಥ. ಬೇಸಿಗೆಯಲ್ಲಿ ಒಂದು ವಾರ ಸಾಕಾಗಬಹುದು. ಧಾರವಾಡದ ಮಳೆಗಾಲದಲ್ಲಿ ಹೊರಗೆ ತೂಗುಹಾಕಿ ಪ್ರಯೋಜನವಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟುಬಿಡಿ. ಅವಸರ ಇದ್ದವರು ಇಲ್ಲಿಯೇ ಕೆಡಿಸುತ್ತಾರೆ. ಹಸಿ ಮರದ ಮೇಲೆ ಎಷ್ಟು ಒಳ್ಳೆಯ ಪದರ ಹಾಕಿದರೂ ಅದು ಎದ್ದು ಬರುತ್ತದೆ.

ಹಳೆ ಬಣ್ಣ ಪೂರ್ತಿ ತೆಗೆಯಬೇಕಾ?

ಬೇಡ. ಉಗುರಿನಿಂದ ಎಬ್ಬಿಸಿದರೆ ಏಳದ ಬಣ್ಣ ಇರಲಿ. ಎದ್ದದ್ದನ್ನು ಮಾತ್ರ ತೆಗೆದು, ಅಂಚನ್ನು 320 ನಂಬರಿನ ಉಪ್ಪು ಕಾಗದದಿಂದ ಮೆಟ್ಟಿಲು ಕಾಣದಂತೆ ಉಜ್ಜಿ. ಪೂರ್ತಿ ಬೋಳಿಸಿದರೆ ಮರವೂ ಸ್ವಲ್ಪ ಸವೆಯುತ್ತದೆ, ಆಕಾರ ಬದಲಾಗುತ್ತದೆ, ನಡಿಗೆಯೂ ಬದಲಾಗುತ್ತದೆ.

ತುಂಬ ಹಳೆಯ ಲೂರ್ ಆದರೆ ಒಂದು ಎಚ್ಚರ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣಕ್ಕೇ ಸೀಸದ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಾಗಾಗಿ ಒಣ ಉಜ್ಜುವಿಕೆ ಬೇಡ. ನೀರು ಹಚ್ಚಿ ಉಜ್ಜುವ ಕಪ್ಪು ಕಾಗದ ಬಳಸಿ, ಮಾಸ್ಕ್ ಹಾಕಿಕೊಳ್ಳಿ, ಒರೆಸಿದ ಬಟ್ಟೆ ಎಸೆದುಬಿಡಿ, ಮಕ್ಕಳನ್ನು ದೂರ ಇಡಿ. ನೀರು ತಾಗಿದ ಮರವನ್ನು ಮತ್ತೆ ಒಣಗಿಸಲು ಮರೆಯಬೇಡಿ.

ತಗ್ಗು, ಹಲ್ಲಿನ ತೂತು, ಬಿರುಕಿಗೆ ಏನು ತುಂಬಲಿ? ಎಂ-ಸೀಲ್ ನಡೆಯುತ್ತದಾ?

ಎಂ-ಸೀಲ್ ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಆದರೆ ಭಾರ. ಹೊಟ್ಟೆಯ ಕೆಳಗೆ ಸಣ್ಣ ತೂತಿಗೆ ಪರವಾಗಿಲ್ಲ. ಬೆನ್ನಿಗೆ ಹಾಕಬೇಡಿ. ಮೇಲುಭಾಗ ಭಾರವಾದರೆ ಲೂರ್ ಮಗ್ಗುಲಾಗಿ ಬೀಳುತ್ತದೆ.

ನನಗೆ ಇಷ್ಟವಾದದ್ದು ಮರದ ಪುಡಿ ಮತ್ತು ಅರಾಲ್ಡೈಟ್. ಬಡಗಿಯ ಅಂಗಡಿಯಿಂದ ನಯವಾದ ಪುಡಿ ತಂದು ಜರಡಿ ಹಿಡಿದು, ಎರಡೂ ಟ್ಯೂಬ್ ಕಲಸಿದ ಅಂಟಿಗೆ ಬೆರೆಸಿ. ಚಟ್ನಿಯಷ್ಟು ಗಟ್ಟಿಯಾದಾಗ ಬೆಂಕಿಕಡ್ಡಿಯ ತುದಿಯಿಂದ ಒತ್ತಿ ತುಂಬಿ. ಮಾರನೆಯ ದಿನ ಉಜ್ಜಿ. ಎಂ-ಸೀಲ್‌ಗಿಂತ ಹಗುರ, ಮರದ ಜೊತೆ ಹೊಂದಿಕೊಳ್ಳುತ್ತದೆ. ಗೋಡೆಗೆ ಬಳಿಯುವ ಪುಟ್ಟಿ ಮಾತ್ರ ಖಂಡಿತ ಬೇಡ, ನೀರಲ್ಲಿ ಬಾಳುವುದಿಲ್ಲ.

ಬರೀ ತಗ್ಗು ಬಿದ್ದಿದ್ದರೆ, ಅಂದರೆ ಎಳೆ ಹರಿಯದೆ ಒತ್ತಿಕೊಂಡಿದ್ದರೆ, ತುಂಬುವುದೇ ಬೇಡ. ಆ ಜಾಗದ ಬಣ್ಣ ತೆಗೆದು ಒಂದು ಹನಿ ನೀರು ಬಿಡಿ. ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆಯ ತುದಿ ಮೆಲ್ಲಗೆ ತಾಗಿಸಿ. ಆವಿಗೆ ಎಳೆಗಳು ಉಬ್ಬಿ ಮೇಲೆ ಬರುತ್ತವೆ. ಹಲ್ಲು ನೆಟ್ಟು ಹರಿದ ತೂತಿಗೆ ಈ ಉಪಾಯ ನಡೆಯುವುದಿಲ್ಲ.

ಬಾಲ್ಸಾ ಮೆತ್ತಗಾಗಿ ಬೆರಳಿಗೆ ಒತ್ತಿದರೆ ಒಳಗೆ ಹೋಗುತ್ತಿದ್ದರೆ, ಒಣಗಿದ ಮೇಲೆ ತೆಳು ಫೆವಿಕ್ವಿಕ್ ಹನಿಹನಿಯಾಗಿ ಕುಡಿಸಿ. ಅದು ಒಳಗಿಳಿದು ಕಲ್ಲಾಗುತ್ತದೆ. ಹೊಗೆ ಕಣ್ಣಿಗೆ ಉರಿ, ಕಿಟಕಿ ತೆರೆದಿರಲಿ. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಯ ಜೊತೆ ಸೇರಿದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ.

ಗಾಳ ಸಿಕ್ಕಿಸುವ ಸ್ಕ್ರೂ ಕುಣಿಕೆ ಕಿತ್ತು ಬಂದಿದೆ. ಅಂಟು ಹಾಕಿ ಮತ್ತೆ ತಿರುಗಿಸಿದರೆ ಸಾಕಾ?

ಸಾಕಾಗುವುದಿಲ್ಲ. ತೂತಿನ ಗೋಡೆ ಆಗಲೇ ಕೊಳೆತು ಪುಡಿಯಾಗಿರುತ್ತದೆ. ಅಂಟು ಆ ಪುಡಿಯನ್ನು ಹಿಡಿಯುತ್ತದೆ, ಮರವನ್ನಲ್ಲ. ಮುಂದಿನ ದೊಡ್ಡ ಬಾಳೆ ಮೀನು ಕುಣಿಕೆಯನ್ನು ಗಾಳದ ಸಮೇತ ಒಯ್ಯುತ್ತದೆ. ಮೀನಿಗೂ ಅದು ಹಿಂಸೆ.

ತೂತನ್ನು ಸ್ವಲ್ಪ ದೊಡ್ಡ ಬಿಟ್‌ನಿಂದ, ಕೈಯಲ್ಲೇ ತಿರುಗಿಸಿ, ಗಟ್ಟಿ ಮರ ಸಿಗುವ ತನಕ ಕೊರೆಯಿರಿ. ಹಲ್ಲುಕಡ್ಡಿ ಅಥವಾ ಬಿದಿರಿನ ಸಣ್ಣ ಗೂಟಕ್ಕೆ ಅರಾಲ್ಡೈಟ್ ಹಚ್ಚಿ ಬಿಗಿಯಾಗಿ ತೂರಿ. ಒಂದು ಪೂರ್ತಿ ದಿನ ಬಿಡಿ. ಮಟ್ಟಸ ಕತ್ತರಿಸಿ, ಮಧ್ಯಕ್ಕೆ ಸೂಜಿಯಿಂದ ಗುರುತು ಮಾಡಿ, ಸ್ಕ್ರೂಗಿಂತ ಸಣ್ಣ ತೂತು ಕೊರೆದು, ಸ್ಕ್ರೂ ಎಳೆಗೂ ಅಂಟು ಸವರಿ ತಿರುಗಿಸಿ. ಬುಡದ ಸುತ್ತ ಒಂದು ಹನಿ ಅಂಟಿನ ಉಂಗುರ ನಿಲ್ಲಲಿ, ನೀರಿಗೆ ಅದೇ ತಡೆ. ಸ್ಕ್ರೂ ಸ್ಟೇನ್‌ಲೆಸ್ ಆಗಿರಲಿ. ಬಾಗಿಲಿಗೆ ಹಾಕುವ ಕಬ್ಬಿಣದ ಹುಕ್ಕು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ.

ದೊಡ್ಡ ಮೀನಿನ ನಿರೀಕ್ಷೆ ಇರುವವರು ಮೂಗಿನಿಂದ ಬಾಲದವರೆಗೆ ಒಂದೇ ತಂತಿ ಹಾಯಿಸುವುದು ವಾಸಿ. ಹೊಟ್ಟೆಯ ಕೆಳಗೆ ಸಣ್ಣ ಗರಗಸದಿಂದ ಸೀಳು ಕೊಯ್ದು, 1 ಮಿ.ಮೀ. ಆಸುಪಾಸಿನ ಸ್ಟೇನ್‌ಲೆಸ್ ತಂತಿಯನ್ನು ಕುಣಿಕೆ ಮಾಡಿ ಒಳಗಿಟ್ಟು, ಪುಡಿ-ಅಂಟಿನಿಂದ ಮುಚ್ಚಬೇಕು. ಆಗ ಮರ ಸೀಳಿದರೂ ಮೀನು ತಂತಿಯಲ್ಲಿ ಉಳಿಯುತ್ತದೆ. ಕೆಲಸ ಜಾಸ್ತಿ, ತೂಕವೂ ಸ್ವಲ್ಪ ಏರುತ್ತದೆ. ಸಣ್ಣ ಲೂರಿಗೆ ಇದು ಬೇಡ.

ಲಿಪ್ ಮುರಿದಿದೆ. ಹೊಸದು ಯಾವುದರಿಂದ ಮಾಡಲಿ?

ಮನೆಯ ಅಟ್ಟದಲ್ಲಿ ಹಳೆ ಸಿಡಿಗಳು ಬಿದ್ದಿಲ್ಲವೇ? ಸಿಡಿ ಮಾಡುವುದು ಪಾಲಿಕಾರ್ಬೊನೇಟಿನಿಂದ, ದಪ್ಪ 1.2 ಮಿ.ಮೀ. ಸಣ್ಣ, ಮಧ್ಯಮ ಲೂರಿಗೆ ಹೇಳಿ ಮಾಡಿಸಿದ ದಪ್ಪ. ಹೊಳಪಿನ ಪದರವನ್ನು ಟೇಪು ಹಚ್ಚಿ ಎಳೆದು ತೆಗೆಯಿರಿ. ಬಿಸಿನೀರಲ್ಲಿ ಅದ್ದಿ ಕತ್ತರಿಸಿದರೆ ಸೀಳು ಕಡಿಮೆ. ದೊಡ್ಡ ಲೂರಿಗೆ 2 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಬೇಕು. ನಾಮಫಲಕ ಮಾಡುವವರಲ್ಲಿ ತುಂಡು ಕೇಳಬಹುದು, ಆದರೆ ಅವರಲ್ಲಿ ಹೆಚ್ಚಾಗಿ ಇರುವುದು ಅಕ್ರಿಲಿಕ್. ಅದು ಕಲ್ಲಿಗೆ ಬಡಿದರೆ ಗಾಜಿನ ಹಾಗೆ ಒಡೆಯುತ್ತದೆ. ಒಂದು ಚೂರು ಬಗ್ಗಿಸಿ ನೋಡಿ: ಬಗ್ಗಿದರೆ ಪಾಲಿಕಾರ್ಬೊನೇಟ್, ಪಟ್ ಎಂದರೆ ಅಕ್ರಿಲಿಕ್.

ಆಕಾರಕ್ಕೆ ಮುರಿದ ತುಂಡುಗಳನ್ನು ಕಾಗದದ ಮೇಲೆ ಜೋಡಿಸಿ ಗೆರೆ ಎಳೆದುಕೊಳ್ಳಿ. ತುಂಡು ಕಳೆದಿದ್ದರೆ ಸಂದಿನಲ್ಲಿ ಉಳಿದ ಭಾಗದಿಂದ ಕೋನವಾದರೂ ಗೊತ್ತಾಗುತ್ತದೆ. ಅದನ್ನು ಬದಲಿಸಬೇಡಿ. ಲಿಪ್ ಮೈಗೆ ನೇರವಾಗಿ ಮುಂದಕ್ಕೆ ಚಾಚಿದಷ್ಟೂ ಲೂರ್ ಆಳಕ್ಕೆ ಇಳಿಯುತ್ತದೆ, ಕೆಳಕ್ಕೆ ನೆಟ್ಟಗೆ ನಿಂತಷ್ಟೂ ಮೇಲೇ ಓಡುತ್ತದೆ. ಎರಡೂ ಬದಿ ಸಮ ಇರಬೇಕು. ಮಧ್ಯಕ್ಕೆ ಗೆರೆ ಎಳೆದು, ಎದುರಿನಿಂದ ಒಂದು ಕಣ್ಣು ಮುಚ್ಚಿ ನೋಡಿ ಕೂರಿಸಿ. ಅಂಟುವ ಭಾಗವನ್ನು ಉಪ್ಪು ಕಾಗದದಿಂದ ಒರಟು ಮಾಡದಿದ್ದರೆ ಅಂಟು ಹಿಡಿಯುವುದಿಲ್ಲ.

ಕೊಬ್ಬರಿ ಎಣ್ಣೆ ಸವರಿದರೆ ನೀರು ಹಿಡಿಯುವುದಿಲ್ಲ ಎನ್ನುತ್ತಾರಲ್ಲ?

ಒಂದು ಮಧ್ಯಾಹ್ನ ಹಿಡಿಯದೇ ಇರಬಹುದು. ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ, ಹಾಗಾಗಿ ಮುಂದೆ ಅದರ ಮೇಲೆ ಬಣ್ಣವೂ ಕೂರುವುದಿಲ್ಲ, ಅಂಟೂ ಕೂರುವುದಿಲ್ಲ. ಎಣ್ಣೆಯೇ ಬೇಕೆಂದರೆ ಬಡಗಿಗಳು ಬಳಸುವ ಅಗಸೆ ಎಣ್ಣೆ. ಅದು ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ದಿನಗಟ್ಟಲೆ ಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ನೆನೆಸಿ ಎಸೆಯಿರಿ.

ಯಾವ ಬಣ್ಣ ಹಚ್ಚಬೇಕು?

ಮಕ್ಕಳ ಕ್ರಾಫ್ಟಿಗೆ ಸಿಗುವ ಅಕ್ರಿಲಿಕ್ ಬಣ್ಣ ಸಾಕು. ಮೊದಲು ಬಿಳಿ, ಆಮೇಲೆ ಹೊಟ್ಟೆಗೆ ತಿಳಿ ಬಣ್ಣ, ಬೆನ್ನಿಗೆ ಗಾಢ. ತುಂಗಭದ್ರೆ, ವರದೆ ಮಳೆಗಾಲದಲ್ಲಿ ಕೆಂಪಗೆ ಹರಿಯುವಾಗ ಎದ್ದು ಕಾಣುವ ಹಳದಿ, ಕಿತ್ತಳೆ. ಕೆರೆಯ ತಿಳಿನೀರಿಗೆ ಸಣ್ಣ ಮೀನಿನ ಬೆಳ್ಳಿ, ಕಂದು. ಕೊರವ ಬಣ್ಣಕ್ಕಿಂತ ಅಲುಗಾಟಕ್ಕೆ ಹಾರುತ್ತದೆ. ಮೀನಿನ ಒಂದೊಂದು ಹುರುಪೆಯನ್ನೂ ಬರೆದು ಕೂರುವುದು ನಿಮ್ಮ ಹವ್ಯಾಸ, ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ಬಣ್ಣದ ರಕ್ಷಣೆಗೆ ಪಾರದರ್ಶಕ ಮೇಲಿನ ಪದರ ಹಾಕಿದ ಕೂಡಲೇ ಬಣ್ಣ ಸುಕ್ಕಾಯಿತು. ಇನ್ನೊಂದರಲ್ಲಿ ಗುಳ್ಳೆ ಬಂತು. ಯಾಕೆ?

ಸುಕ್ಕಾದದ್ದು ಥಿನ್ನರಿನಿಂದ. ಆಯಿಲ್ ಪೇಂಟ್ ಮೇಲೆ ಥಿನ್ನರ್ ಬೆರೆತ ಲ್ಯಾಕರ್ ಬಿದ್ದರೆ ಅದು ಕೆಳಗಿನ ಬಣ್ಣವನ್ನು ಎಬ್ಬಿಸುತ್ತದೆ. ಅಕ್ರಿಲಿಕ್ ಮೇಲೆ ಎಪಾಕ್ಸಿ (ಅರಾಲ್ಡೈಟಿನಂತೆ ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಹಾಕಿದರೆ ಈ ತಂಟೆ ಇಲ್ಲ. ಆದರೆ ಮಾರ್ಕರ್ ಪೆನ್ನಿನಲ್ಲಿ ಬರೆದ ಗೆರೆ ಎಪಾಕ್ಸಿಯಲ್ಲಿ ಹರಡುತ್ತದೆ, ನಡುವೆ ಒಂದು ತೆಳು ಅಕ್ರಿಲಿಕ್ ವಾರ್ನಿಷ್ ಬೇಕು.

ಗುಳ್ಳೆಯ ಕಾರಣ ಬೇರೆ. ಬೆಳಿಗ್ಗೆ ಹಚ್ಚಿದ್ದೀರಿ ಅಲ್ವಾ? ಹೊತ್ತು ಏರಿದಂತೆ ಮರ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗಿ ಹಸಿ ಪದರದ ಮೂಲಕ ಹೊರಬರುತ್ತದೆ. ಸಂಜೆ, ತಂಪು ಇಳಿಯುವ ಹೊತ್ತಿಗೆ ಹಚ್ಚಿ. ಆಗ ಮರ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ಅಂಟನ್ನೂ. ಮೊದಲ ಪದರ ಬಹಳ ತೆಳು ಇರಲಿ.

ಎಪಾಕ್ಸಿ ಹಚ್ಚುವ ಬಗೆ ಸ್ವಲ್ಪ ಬಿಡಿಸಿ ಹೇಳಿ.

ನಿಧಾನ ಗಟ್ಟಿಯಾಗುವ ಪಾರದರ್ಶಕ ಎಪಾಕ್ಸಿ ತನ್ನಿ. 5 ನಿಮಿಷದ್ದು ಬೇಡ, ಕುಂಚ ಆಡಿಸುವಷ್ಟರಲ್ಲಿ ಬಿಗಿಯುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಗಟ್ಟಿಕಾರಕ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಎನ್ನುವುದು ತಪ್ಪು, ಅಂಟಂಟಾಗಿಯೇ ಉಳಿಯುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಕೆಲವರಿಗೆ ಚರ್ಮ ತುರಿಸುತ್ತದೆ. ಎಪಾಕ್ಸಿ ಮಂದ ಇದ್ದರೆ ಕಲಸುವ ಮೊದಲು ಡಬ್ಬಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ.

ಹಚ್ಚಿದ ಮೇಲೆ ಲೂರ್ ಸುಮ್ಮನೆ ತೂಗುಬಿಟ್ಟರೆ ಎಪಾಕ್ಸಿ ಜಾರಿ ತುದಿಯಲ್ಲಿ ಗಡ್ಡೆಯಾಗುತ್ತದೆ. ತಿರುಗಿಸುತ್ತಲೇ ಇರಬೇಕು. ಕೆಟ್ಟ ಮೈಕ್ರೋವೇವ್‌ನ ತಟ್ಟೆ ತಿರುಗಿಸುವ ಮೋಟಾರ್ ನಿಮಿಷಕ್ಕೆ ಐದಾರು ಸುತ್ತು ಹಾಕುತ್ತದೆ, ಅಷ್ಟೇ ವೇಗ ಸಾಕು. ಅದರ ವೋಲ್ಟೇಜ್ ನೋಡಿ ಜೋಡಿಸಬೇಕು, ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒಂದೇ ಲೂರ್ ಆದರೆ ಇದೆಲ್ಲ ಯಾಕೆ? ಟಿವಿ ನೋಡುತ್ತಾ ಕೆಲವು ನಿಮಿಷಕ್ಕೊಮ್ಮೆ ಕೈಯಲ್ಲಿ ತಿರುವಿ, ಹರಿಯುವುದು ನಿಲ್ಲುವ ತನಕ.

ಮಳೆ ಹಿಡಿದ ವಾರದಲ್ಲಿ ಹಚ್ಚಬೇಡಿ. ಗಾಳಿಯ ತೇವಕ್ಕೆ ಮೇಲೆ ಜಿಡ್ಡಿನಂಥ ಬಿಳಿ ಪೊರೆ ಬರುತ್ತದೆ. ಬಂದೇಬಿಟ್ಟರೆ ಗಟ್ಟಿಯಾದ ಮೇಲೆ ಸೋಪುನೀರಲ್ಲಿ ತೊಳೆದು, ಉಜ್ಜಿ, ಇನ್ನೊಂದು ಪದರ. ಧೂಳಿನ ಕಾಟಕ್ಕೆ ಮೇಲೆ ರಟ್ಟಿನ ಡಬ್ಬಿ ಬೋರಲು ಹಾಕಿ. ಗದಗಿನ ಗಾಳಿಗೆ ಕಿಟಕಿ ಮುಚ್ಚಿದರೂ ಧೂಳು ಬರುತ್ತದೆ. ಬ್ಯಾಡಗಿಯವರು ಮೆಣಸಿನಕಾಯಿ ಸುಗ್ಗಿಯಲ್ಲಿ ಈ ಕೆಲಸ ಹಚ್ಚಿಕೊಂಡರೆ ಸೀನುವುದರಲ್ಲೇ ಸಂಜೆ ಕಳೆಯುತ್ತದೆ.

ಗಾಳ ಬದಲಿಸುವಾಗ ಏನು ನೋಡಬೇಕು?

ತೂಕ. ಹಳೆಯ ಮೂರು ಮುಳ್ಳಿನ ಗಾಳ ತೂಗಿ, ಅಷ್ಟೇ ತೂಕದ್ದು ಹಾಕಿ. ಒಂದು ಸೈಜ್ ದೊಡ್ಡದು ಹಾಕಿದರೆ ಬಾಲ್ಸಾ ಲೂರಿನ ಕುಣಿತವೇ ನಿಲ್ಲಬಹುದು. ಎರಡು ಗಾಳಗಳು ಒಂದಕ್ಕೊಂದು ಸಿಕ್ಕಿಕೊಳ್ಳಬಾರದು. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಅರದಿಂದ ತುದಿ ಹರಿತ ಮಾಡಿ, ಹೆಬ್ಬೆರಳ ಉಗುರಿನ ಮೇಲೆ ಎಳೆಯಿರಿ, ಜಾರದೆ ಕಚ್ಚಿದರೆ ಸರಿ.

ರಿಪೇರಿ ಆದ ಮೇಲೆ ಒಂದೇ ಕಡೆಗೆ ಓಡುತ್ತದೆ.

ಲೂರಿನ ಮೂಗು ನಿಮ್ಮ ಕಡೆ ಇರುವಂತೆ ಹಿಡಿಯಿರಿ. ನಿಮ್ಮ ಬಲಕ್ಕೆ ಓಡುತ್ತಿದ್ದರೆ ದಾರ ಕಟ್ಟುವ ಕುಣಿಕೆಯನ್ನು ಸಣ್ಣ ಇಕ್ಕಳದಿಂದ ಎಡಕ್ಕೆ ಕೂದಲೆಳೆಯಷ್ಟು ಬಗ್ಗಿಸಿ, ಎಡಕ್ಕೆ ಓಡಿದರೆ ಬಲಕ್ಕೆ. ಬಗ್ಗಿಸಿ, ನೀರಿಗೆ ಬಿಟ್ಟು ನೋಡಿ, ಮತ್ತೆ ಬಗ್ಗಿಸಿ. ಕುಣಿಕೆ ತಿರುಗಬಾರದು, ತಿರುಗಿದರೆ ಬುಡದ ಅಂಟು ಬಿರಿದು ನೀರಿಗೆ ಹೊಸ ಬಾಗಿಲಾಗುತ್ತದೆ. ಇದಕ್ಕೂ ಜಗ್ಗದಿದ್ದರೆ ಲಿಪ್ ವಾರೆಯಾಗಿ ಕೂತಿದೆ, ಬಿಚ್ಚಿ ಕೂರಿಸಬೇಕು.

ಪರೀಕ್ಷೆ ಮಾಡಲು ಒಳ್ಳೆಯ ಜಾಗ?

ತೇಲುವುದನ್ನು ನೋಡಲು ಬಕೆಟ್ ಸಾಕು, ಓಟ ನೋಡಲು ಹತ್ತಡಿಯಾದರೂ ನೀರು ಬೇಕು. ಹೊಲದ ಕೃಷಿ ಹೊಂಡ ಬಹಳ ಅನುಕೂಲ. ನೀರು ನಿಂತಿರುತ್ತದೆ, ತಿಳಿಯಾಗಿರುತ್ತದೆ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿಗೆ ಗಾಳ ಚುಚ್ಚಿದರೆ ರೈತನ ನೀರು ಸೋರಿ ಹೋಗುತ್ತದೆ. ಗಾಳ ತೆಗೆದು ಪರೀಕ್ಷಿಸಿದರೆ ತೂಕವೇ ಬೇರೆ. ಅದಕ್ಕೆ ಹಳೆ ಗಾಳಗಳ ಚೂಪು ತುದಿ ಮಾತ್ರ ಕತ್ತರಿಸಿ, ಪರೀಕ್ಷೆಗೆಂದೇ ಒಂದು ಜೊತೆ ಇಟ್ಟುಕೊಳ್ಳಿ. ಹೊಲದವರನ್ನು ಕೇಳಿಯೇ ಹೋಗಿ. ಒಬ್ಬರೇ ಹೋಗಬೇಡಿ, ಆ ಪ್ಲಾಸ್ಟಿಕ್ ಮೇಲೆ ಕಾಲು ಜಾರಿದರೆ ಹತ್ತಿ ಬರುವುದು ಕಷ್ಟ.

ಕೆರೆಗಳ ಮೀನು ಪಾಶುವಾರು ಹಕ್ಕು (ಮೀನು ಹಿಡಿಯುವ ಹಕ್ಕು) ಸಾಮಾನ್ಯವಾಗಿ ಯಾರಾದರೂ ಗುತ್ತಿಗೆದಾರರ ಅಥವಾ ಮೀನುಗಾರರ ಸಂಘದ ಕೈಯಲ್ಲಿರುತ್ತದೆ. ಕೇಳದೆ ಗಾಳ ಎಸೆಯುವುದು ಸರಿಯಲ್ಲ. ಶಿರಹಟ್ಟಿ ಬಳಿಯ ಮಾಗಡಿ ಕೆರೆಯನ್ನು ಹಕ್ಕಿಗಳಿಗೇ ಬಿಟ್ಟುಬಿಡಿ. ಅದು ಸಂರಕ್ಷಿತ ಜಾಗ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ.

ಅಜ್ಜನ ಕಾಲದ ಒಂದು ಲೂರ್ ಸಿಕ್ಕಿದೆ. ಬಣ್ಣ ಹೊಡೆಯಲಾ?

ದಯವಿಟ್ಟು ಬೇಡ. ಗಾಜಿನ ಕಣ್ಣು, ಲೋಹದ ಲಿಪ್ ಮೇಲೆ ಅಚ್ಚೊತ್ತಿದ ಹೆಸರು ಇದ್ದರೆ ಮೊದಲು ಫೋಟೋ ತೆಗೆದು ತಿಳಿದವರಿಗೆ ತೋರಿಸಿ. ಸಂಗ್ರಹ ಮಾಡುವವರಿಗೆ ಮೂಲ ಬಣ್ಣವೇ ಬೆಲೆ, ಅದು ಎಷ್ಟೇ ಸಿಡಿದಿರಲಿ. ಅಮೆರಿಕದ ಹೆಡನ್ ಕಂಪನಿಯ ಮರದ ಲೂರುಗಳಿಗೆ ಹೀಗೇ ಬೇಡಿಕೆ. ಫಿನ್ಲೆಂಡಿನ ಲೌರಿ ರಪಾಲ 1936ರಲ್ಲಿ ಕೈಯಲ್ಲಿ ಕೆತ್ತಿದ ಲೂರಿಗೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಹಳೆ ಫೋಟೋ ಫಿಲ್ಮ್ ಕರಗಿಸಿ ಮೇಲಿನ ಪದರ ಮಾಡಿದ್ದ. ಅಂಥ ಕೈಕೆಲಸದ ಮೇಲೆ ನಮ್ಮ ಹಾರ್ಡ್‌ವೇರ್ ಅಂಗಡಿಯ ವಾರ್ನಿಷ್ ಬಳಿದರೆ ಅಳಿಸಲಾಗದು. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ತುಕ್ಕು ಹಿಡಿದ ಗಾಳವನ್ನೂ ಹಾಗೇ ಇಟ್ಟುಕೊಳ್ಳಿ.

ಮೈ ಪೂರ್ತಿ ಕೊಳೆತಿದೆ. ನಮ್ಮ ಕಡೆಯ ಯಾವ ಮರದಲ್ಲಿ ಹೊಸದು ಕೆತ್ತಬಹುದು?

ಹಾಲವಾಣ, ಬೂರುಗ ಹಗುರ. ಚಾಕು ಸಲೀಸಾಗಿ ಓಡುತ್ತದೆ, ಆದರೆ ನೀರು ಬೇಗ ಹೀರುತ್ತವೆ, ಮೇಲಿನ ಪದರ ದಪ್ಪ ಬೇಕು. ತೇಗ ಬಾಳಿಕೆಗೆ ಸೈ. ಬಾಲ್ಸಾಗೆ ಹೋಲಿಸಿದರೆ ಮೂರು ನಾಲ್ಕು ಪಟ್ಟು ಭಾರ, ಅದರಲ್ಲಿ ಎಣ್ಣೆಯಂಶವೂ ಇದೆ, ಥಿನ್ನರಿನಿಂದ ಒರೆಸದೆ ಅಂಟು ಹಿಡಿಯುವುದಿಲ್ಲ. ನೀರಿನ ಮೇಲೆ ಚಿಮ್ಮುತ್ತಾ ಬರುವ ದೊಡ್ಡ ಲೂರಿಗೆ ಅದು ಒಳ್ಳೆಯದೇ. ಹೊಟ್ಟೆಗೆ ಸೀಸದ ತೂಕ ಬೇಕಾದರೆ ಸಿದ್ಧ ಗುಂಡು ತಂದು ಕೂರಿಸಿ, ಅಡುಗೆಮನೆಯಲ್ಲಿ ಸೀಸ ಕರಗಿಸಬೇಡಿ.

ಇಡುವುದು ಹೇಗೆ?

ಒಣಗಿಸಿ ಇಡಿ. ಕೆರೆಯಿಂದ ಬಂದ ರಾತ್ರಿ ಡಬ್ಬಿಯ ಮುಚ್ಚಳ ತೆರೆದೇ ಇರಲಿ. ಫೇಡೆಯ ಖಾಲಿ ರಟ್ಟಿನ ಡಬ್ಬಿಯಲ್ಲಿ ಇಡುವವರನ್ನು ಧಾರವಾಡದಲ್ಲೇ ನೋಡಬೇಕು. ರಟ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೇಡ. ರಬ್ಬರಿನಂಥ ಮೆತ್ತನೆ ಪ್ಲಾಸ್ಟಿಕ್ ಕಪ್ಪೆ, ಹುಳುಗಳ ಜೊತೆ ಮರದ ಲೂರ್ ಸೇರಿಸಬೇಡಿ. ಅವುಗಳಲ್ಲಿ ಮೆತ್ತಗಾಗಲು ಬೆರೆಸಿದ ರಾಸಾಯನಿಕ ಬಣ್ಣವನ್ನು ಕರಗಿಸುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ.

ರಿಪೇರಿ ಮಾಡಲೇಬಾರದು ಎನ್ನುವ ಲೂರ್ ಇದೆಯಾ?

ಮೈ ಉದ್ದಕ್ಕೂ ಸೀಳಿ, ಒಳಗಿನ ಮರ ಬೆರಳಿಗೆ ಪುಡಿಯಾಗುತ್ತಿದ್ದರೆ ಬಿಡಿ. ಅದರ ಲಿಪ್, ಕಣ್ಣು, ಸ್ಟೇನ್‌ಲೆಸ್ ರಿಂಗ್, ಹೊಟ್ಟೆಯ ಸೀಸ ಬಿಚ್ಚಿಕೊಳ್ಳಿ. ಒಡೆದ ಮೈಯನ್ನು ಕಾಗದದ ಮೇಲಿಟ್ಟು ಬದಿಯಿಂದಲೂ ಮೇಲಿನಿಂದಲೂ ಗೆರೆ ಎಳೆದು, ಸೀಸ ಎಲ್ಲಿತ್ತು ಎಂದು ಗುರುತು ಹಾಕಿ. ಹೊಸದನ್ನು ಕೆತ್ತುವಾಗ ಆ ಕಾಗದವೇ ಅಳತೆ.